ಹಳೆಯ ಬ್ರಶ್ಶು ಕೊಡಿ, ಹೊಸದು ಒಯ್ಯಿರಿ

ನಾಚಿಕೆಪಡುವಂಥ ಪ್ರಸಂಗಗಳು ಕೆಲವರ ಮನೆಯ ವಿಳಾಸ ಬರೆದಿಟ್ಟುಕೊಂಡೇ ಹೊರಡುತ್ತವೆ ಎಂದು ನನಗೆ ಬಹಳ ದಿನದಿಂದ ಅನುಮಾನ. ನನ್ನ ವಿಳಾಸವಂತೂ ಅವಕ್ಕೆ ಬಾಯಿಪಾಠ. ಬೇರೆಯವರು ಜಾರಿ ಬಿದ್ದರೆ ಮನೆಯ ಬಚ್ಚಲಲ್ಲಿ ಬೀಳುತ್ತಾರೆ, ನಾನು ಬಿದ್ದರೆ ಬಸ್‌ಸ್ಟ್ಯಾಂಡಿನ ನಟ್ಟನಡುವೆ, ಅದೂ ಮೂರು ಬಸ್ಸು ಒಟ್ಟಿಗೆ ಬಂದು ನಿಂತಾಗ. ಅಂಥ ನಾಲ್ಕಾರು ಬೀಳುವಿಕೆಗಳನ್ನು ಇಲ್ಲಿ ಹೇಳುತ್ತೇನೆ. ಎಲ್ಲವೂ ಹಲ್ಲುಜ್ಜುವ ಬ್ರಶ್ಶಿನಿಂದ ಆದವು.

ಮಾಂಜ್ರಾ ನದಿಯ ಪಾತ್ರದಲ್ಲಿ ಹುಡುಗರು ಸ್ಟಂಪು ನೆಟ್ಟು ಕ್ರಿಕೆಟ್ ಆಡಿದ ವರ್ಷಗಳ ಮಾತು ಇದು. ಓಣಿಗೆ ಟ್ಯಾಂಕರು ಬಂದ ದಿನವೇ ಹಬ್ಬ. ಹೈದರಾಬಾದಿನ ಬಸ್ಸುಗಳ ತುಂಬ ಗುಳೆ ಹೊರಟವರ ಗಂಟುಮೂಟೆ, ಕೊಡ, ರೊಟ್ಟಿ ಬಡಿಯುವ ಕೊಮ್ಮಣಿಗೆ. ನಾನು ಬೀದರಿನ ಒಂದು ಹಲ್ಲಿನ ದವಾಖಾನೆಯ ಲ್ಯಾಬಿನಲ್ಲಿ ತಾತ್ಕಾಲಿಕ ಕೆಲಸಕ್ಕಿದ್ದೆ. ನನ್ನ ಗಂಡ ಊರ ಪಕ್ಕದ ಕೊಳಾರದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ನೀರಿಲ್ಲವೆಂದು ಕಾರ್ಖಾನೆಯವರು ಒಂದೊಂದೇ ಪಾಳಿ ನಿಲ್ಲಿಸುತ್ತ ಬಂದರು. ನನ್ನ ಕೆಲಸವೂ ಹೋದರೆ ನಾವಿಬ್ಬರೂ ಗಂಟು ಕಟ್ಟಿ ಅದೇ ಬಸ್ಸು ಹತ್ತಬೇಕಿತ್ತು. ಅದೊಂದು ಹೆದರಿಕೆ ನನ್ನ ಎದೆಯಲ್ಲಿ ಹಗಲೂ ಇರುಳೂ ಕೂತಿತ್ತು. ಮುಂದೆ ನಾನು ಮಾಡಿದ ಎಲ್ಲ ಮಾನಗೇಡಿ ಕೆಲಸಗಳಿಗೂ ಅದೇ ಕಾರಣ, ಆದರೆ ಅದು ನೆಪವಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ನಮ್ಮ ಡಾಕ್ಟರು ಮೈಸೂರು ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಬ್ಯಾಕ್ಟೀರಿಯಾ ಬಿಟ್ಟು ಬೇರೆ ಯಾರ ಯೋಗಕ್ಷೇಮವನ್ನೂ ಹೆಚ್ಚು ವಿಚಾರಿಸುತ್ತಿರಲಿಲ್ಲ. ಮನೆಯವರೆಲ್ಲರ ಬ್ರಶ್ಶುಗಳನ್ನು ಒಂದೇ ಲೋಟದಲ್ಲಿ ತಲೆಗೆ ತಲೆ ತಾಗಿಸಿ ಇಟ್ಟರೆ, ಹಸಿ ಆರದಂತೆ ಬಚ್ಚಲಲ್ಲೇ ಬಿಟ್ಟರೆ, ಒಬ್ಬರ ಬಾಯಿಯ ರೋಗಾಣು ಇನ್ನೊಬ್ಬರ ವಸಡಿಗೆ ದಾಟುತ್ತದೆಯೇ ಎಂಬುದು ಅವರ ಸಂಶೋಧನೆ. ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆ ಮನೆಮನೆ ತಿರುಗಿ, ಹಳೆಯ ಬ್ರಶ್ಶು ಪಡೆದು ಹೊಸದು ಕೊಟ್ಟು, ಒಂದು ಫಾರಂ ತುಂಬಿಸಿ ತರುವ ಕೆಲಸ ನನಗೆ ಬಂತು.

"ನೂರು ಬ್ರಶ್ ತಂದುಬಿಡಮ್ಮ, ನಿನ್ನ ಫೈಲಿಗೆ ಸಹಿ ಹಾಕಿ ಕೆಲಸ ಕಾಯಂ ಮಾಡ್ತೀನಿ" ಎಂದರು ಡಾಕ್ಟರು.

ನೂರು ಬ್ರಶ್ಶು ತಾನೇ, ಅದೇನು ಮಹಾ ಎಂದುಕೊಂಡೆ.

ಕಪ್ಪು ಜಾತಿಯ ರೋಗಾಣು

ಮೊದಲ ದಿನ ಬೀದರಿನ ಹಳೆ ಊರಿಗೆ ಹೋದೆ. ಒಂದು ಮನೆಯ ಕಟ್ಟೆಯ ಮೇಲೆ ವಯಸ್ಸಾದ ಉಸ್ತಾದರೊಬ್ಬರು ಕೂತಿದ್ದರು. "ಹಳೇ ಬ್ರಶ್ ಕೊಡ್ರಿ, ಹೊಸಾದು ಕೊಡ್ತೇನಿ" ಎಂದೆ. ಅವರಿಗೆ ಖುಷಿಯಾಯಿತು. ಒಳಗಿನಿಂದ ಒಂದು ಬ್ರಶ್ಶು ತಂದುಕೊಟ್ಟರು. ಕೂದಲೆಲ್ಲ ಸವೆದು ಮೊಂಡಾಗಿ, ಹಿಡಿಕೆ ಸಮೇತ ಕರ್ರಗೆ ಆಗಿತ್ತು. ಅದನ್ನು ಎರಡೇ ಬೆರಳಿನಿಂದ ಹಿಡಿದುಕೊಂಡೆ. ಫಾರಂ ತೆಗೆದು ಕೇಳಿದೆ.

"ಎಷ್ಟು ದಿನದಿಂದ ಬಳಸ್ಲತೀರಿ?"

"ಹತ್ತು ವರ್ಷ ಆಗಿರಬೇಕ್ರಿ."

"ದಿನಕ್ಕ ಎಷ್ಟು ಸಲ?"

"ಎಷ್ಟು ಸಲ ಅಂದ್ರ ಏನ್ ಹೇಳ್ಲಿ? ದಿನಾ ಪೂರಾ ಅದೇ ಕೆಲಸ."

"ಏನು ಹಚ್ಚಿ ತಿಕ್ತೀರಿ?"

"ಕಿಲ್ಲಾದ ಮಣ್ಣು."

ನನ್ನ ಕಣ್ಣಲ್ಲಿ ನೀರೇ ಬಂತು. ಬರಗಾಲ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸಿತಲ್ಲ, ಪಾಪ ಈ ಮುದುಕರು ಕೋಟೆಯ ಮಣ್ಣಲ್ಲಿ ಹಲ್ಲುಜ್ಜುತ್ತಿದ್ದಾರೆ ಎಂದು ಮರುಗಿ, ಅವರಿಗೆ ಒಂದರ ಬದಲು ಎರಡು ಹೊಸ ಬ್ರಶ್ಶು ಕೊಟ್ಟೆ. ಅವರ ಹಿಂದೆ ಗೂಡಿನಲ್ಲಿ ಸಾಲಾಗಿ ನಿಂತಿದ್ದ ಬಿದರಿ ಹೂಜಿಗಳು ನನಗೆ ಕಾಣಲಿಲ್ಲ. ಕಂಡರೂ ತಿಳಿಯುತ್ತಿರಲಿಲ್ಲವೇನೋ. ನನ್ನ ತವರು ಭಾಲ್ಕಿ. ಬಿದರಿ ಸಾಮಾನನ್ನು ನಾನು ನೋಡಿದ್ದು ಅವರಿವರ ಮದುವೆಯ ಉಡುಗೊರೆ ಡಬ್ಬಿಯಲ್ಲಿ. ಅದರ ಕರಿ ಬಣ್ಣಕ್ಕೆ ಕೋಟೆಯ ಮಣ್ಣೇ ಬೇಕು ಎಂಬುದು ಬೀದರಿನ ಮಕ್ಕಳಿಗೂ ಗೊತ್ತು, ನನಗೆ ಗೊತ್ತಿರಲಿಲ್ಲ.

ಡಾಕ್ಟರು ಆ ಬ್ರಶ್ಶನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದವರು ಮಧ್ಯಾಹ್ನದ ಊಟ ಬಿಟ್ಟರು. "ಕಪ್ಪಗಿದೆ, ಹೊಳೀತಿದೆ, ಇಂಥದ್ದು ನಾನು ಪುಸ್ತಕದಲ್ಲೂ ನೋಡಿಲ್ಲ" ಎಂದು ಎರಡು ದಿನ ಕೂತು ಅದರ ಚಿತ್ರ ಬರೆದರು. ಬೇರೆ ವಿಭಾಗದ ಡಾಕ್ಟರುಗಳನ್ನು ಕರೆದು ತೋರಿಸಿದರು. ಇಂಥ ಅಪರೂಪದ ವಸ್ತು ಹುಡುಕಿ ತಂದವಳು ಎಂದು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ನಾನೂ ವಿನಯದಿಂದ ತಲೆ ತಗ್ಗಿಸಿ ನಿಂತೆ.

ನಾಲ್ಕನೆಯ ದಿನ ಉಸ್ತಾದರು ಲ್ಯಾಬಿನ ಬಾಗಿಲಿಗೇ ಬಂದರು. ಕೈಯಲ್ಲಿ ನಾನು ಕೊಟ್ಟ ಎರಡೂ ಹೊಸ ಬ್ರಶ್ಶು.

"ಬೇಟಿ, ಇವು ಭಾಳ ಮೆತ್ತಗ ಅವ. ಹೂಜಿಗಿ ಹೊಳಪ ಬರಂಗಿಲ್ಲ. ನಂದು ನನಗ ಕೊಟ್‌ಬಿಡ್ರಿ."

ಡಾಕ್ಟರು ಕನ್ನಡಕ ತೆಗೆದರು. "ಹೂಜಿನಾ? ಅದು ನೀವು ಹಲ್ಲುಜ್ಜೋ ಬ್ರಶ್ ಅಲ್ವಾ?"

ಉಸ್ತಾದರು ಬಾಯಿ ದೊಡ್ಡದಾಗಿ ತೆರೆದು ತೋರಿಸಿದರು. ಒಳಗೆ ಒಂದೇ ಒಂದು ಹಲ್ಲಿರಲಿಲ್ಲ.

"ಈ ಅಕ್ಕೋರು ಹಳೇ ಬ್ರಶ್ ಕೊಡ್ರಿ ಅಂದ್ರು, ಕೊಟ್ಟೆ ಸಾಹೇಬ್. ಹಲ್ಲಿಂದು ಅಂದಿದ್ರ, ಮೊದಲ ಹಲ್ಲು ತಂದುಕೊಡ್ರಿ ಅಂತಿದ್ದೆ."

ಭಾಲ್ಕಿಯ ಚಹಾ

ಆ ಬ್ರಶ್ಶು ಲೆಕ್ಕದಿಂದ ಬಿಟ್ಟುಹೋಯಿತು. ನನ್ನ ಮಾನವೂ ಅದರ ಜೊತೆಗೇ ಹೋಯಿತು. ಕಳೆದ ಮಾನ ತವರಿನಲ್ಲಿ ಸಿಗಬಹುದೆಂದು ಭಾಲ್ಕಿಗೆ ಹೋದೆ. ನಾನು ಹುಟ್ಟಿ ಬೆಳೆದ ಓಣಿ, ಎಲ್ಲರೂ ನನ್ನನ್ನು ಲಂಗದಲ್ಲಿ ನೋಡಿದವರು. ಆ ಸಲುಗೆಯಿಂದಲೋ ಏನೋ, ಅಲ್ಲಿ ನಾನು ಸ್ವಲ್ಪ ಹೆಚ್ಚೇ ಡಾಕ್ಟರಾದೆ.

ಹೆಂಗಸರನ್ನೆಲ್ಲ ಒಂದು ಕಟ್ಟೆಯ ಮೇಲೆ ಕೂಡಿಸಿ ಭಾಷಣ ಮಾಡಿದೆ. ಒಬ್ಬರ ಬ್ರಶ್ಶು ಇನ್ನೊಬ್ಬರು ಮುಟ್ಟಬಾರದು, ಉಜ್ಜಿದ ಮೇಲೆ ಕೊಡವಿ ಗಾಳಿಗೆ ಒಣಗಲು ನಿಲ್ಲಿಸಬೇಕು, ಕೂದಲು ಬಾಗಿದರೆ ಬದಲಿಸಬೇಕು. ಇಷ್ಟು ಡಾಕ್ಟರು ಹೇಳಿಕೊಟ್ಟದ್ದು. ಅಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆಯಿಂದ ಬೀದರಿಗೆ ವಾಪಸಾಗುತ್ತಿದ್ದೆ. ಆದರೆ ಹೆಂಗಸರು ಕಣ್ಣರಳಿಸಿ ಕೇಳುತ್ತಿದ್ದುದರಿಂದ ನನಗೆ ಹುರುಪು ಬಂತು. "ವಾರಕ್ಕೊಮ್ಮೆ ಬ್ರಶ್ ನೀರಾಗ ಹಾಕಿ ಕುದಿಸಬೇಕ್ರಿ, ತೋರಸ್ತೇನಿ ತಡೀರಿ" ಎಂದೆ. ಒಬ್ಬಾಕೆ ಒಲೆ ಹಚ್ಚಿದಳು. ಇನ್ನೊಬ್ಬಾಕೆ, ನಾನು ಚಿಗವ್ವ ಎಂದು ಕರೆಯುವವಳು, ಒಳಗಿಂದ ಒಂದು ತಂಬಿಗೆ ನೀರು ತಂದಳು. ತರುವಾಗ ಅವಳ ಮುಖ ಹೇಗಿತ್ತೆಂದು ನಾನು ನೋಡಬೇಕಿತ್ತು.

ಅವರು ಕೊಟ್ಟ ಹಳೆಯ ಬ್ರಶ್ಶುಗಳಲ್ಲಿ ನಾಲ್ಕನ್ನು ತೆಗೆದು ಪಾತ್ರೆಗೆ ಹಾಕಿದೆ. ನೀರು ಕುದಿಯಿತು. ಬ್ರಶ್ಶುಗಳು ಒಂದೊಂದಾಗಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದವು. ಕುದಿಸಿದರೆ ಪ್ಲಾಸ್ಟಿಕ್ಕು ಬಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಸಾವರಿಸಿಕೊಂಡು, "ಬ್ರಶ್ ಬಿಡ್ರಿ, ನೀರು ನೋಡ್ರಿ. ಕುದ್ದ ಮ್ಯಾಲ ಇದರಾಗ ಒಂದು ಹುಳಾನೂ ಜೀವಂತ ಇರಂಗಿಲ್ಲ. ಈಗ ಇದನ್ನ ಚೆಲ್ಲಬೇಕು" ಎಂದು ಪಾತ್ರೆ ಎತ್ತಿಕೊಂಡು ಗಟಾರದ ಕಡೆ ನಡೆದೆ.

"ಏ, ಏ, ಏ!" ಎಂದು ಇಡೀ ಕಟ್ಟೆ ಎದ್ದು ನಿಂತಿತು. ಚಿಗವ್ವ ಓಡಿಬಂದು ನನ್ನ ಕೈಯಿಂದ ಪಾತ್ರೆ ಕಸಿದುಕೊಂಡು ಒಳಗೆ ಹೋದಳು. ಟ್ಯಾಂಕರು ಬಂದು ಒಂಬತ್ತು ದಿನವಾಗಿತ್ತು ಎಂದು ಆಗ ಯಾರೋ ಹೇಳಿದರು. ನನಗೆ ಕಾಲಡಿಯ ನೆಲ ಬಿರಿಯಬಾರದೇ ಅನ್ನಿಸಿತು. ಕುಡಿಯುವ ನೀರು ಕೊಟ್ಟವರಿಗೆ ಚೆಲ್ಲುವ ಪಾಠ ಹೇಳಿದ್ದೆ. ಪಾಪ, ಅವರಾರೂ ಒಂದು ಮಾತು ಬೈಯಲಿಲ್ಲ. ಬದಲಿಗೆ ಸ್ವಲ್ಪ ಹೊತ್ತಿನಲ್ಲಿ ಚಿಗವ್ವ ನನಗೆ ಚಹಾ ತಂದಳು. ಶುಂಠಿ ಹಾಕಿ ಗಟ್ಟಿಯಾಗಿ ಮಾಡಿದ್ದಳು. ಯಾರ ಮುಖವನ್ನೂ ನೋಡದೆ ಕಪ್ಪು ತೆಗೆದುಕೊಂಡೆ. ಒಂದೇ ಗುಟುಕಿಗೆ ಕುಡಿದು, ಇನ್ನೊಂದು ಅರ್ಧ ಕಪ್ಪು ಕೇಳಿ ಅದನ್ನೂ ಕುಡಿದೆ.

ಆಮೇಲೆ ನೆನಪಾಯಿತು. "ಚಿಗವ್ವಾ, ನೀರ ಇಲ್ಲ ಅಂದ್ರಿ. ಚಹಾಕ್ಕ ಎಲ್ಲಿಂದ ತಂದಿ?"

"ನೀನೇ ಕುದಿಸಿದಿಯಲ್ಲವ್ವ, ಅದೇ ನೀರು. ಒಂದು ಹುಳಾನೂ ಇಲ್ಲ ಅಂತ ನೀನ ಹೇಳ್ದಿ."

ಕಪ್ಪನ್ನು ಕೆಳಗಿಟ್ಟೆ. ಸುತ್ತ ನೋಡಿದೆ. ಉಳಿದ ಯಾರ ಕೈಯಲ್ಲೂ ಕಪ್ಪಿರಲಿಲ್ಲ. "ನೀವ್ಯಾರೂ ಕುಡೀಲಿಲ್ಲ?" ಎಂದು ಕೇಳಿದೆ.

"ನಾವ್ ಹ್ಯಾಂಗ ಕುಡೀಬೇಕವ್ವ?" ಎಂದಳು ಚಿಗವ್ವ. "ನಾವೇನ್ ನಿನ್ನಂಗ ಸಾಲಿ ಕಲ್ತೀವೇನು?"

ಅದು ನಿಜವಾಗಿಯೂ ಆ ನೀರಿನ ಚಹಾನೋ, ನನಗೆ ಬುದ್ಧಿ ಬರಲೆಂದು ಆಡಿದ ಮಾತೋ, ಈ ಹೊತ್ತಿಗೂ ಗೊತ್ತಿಲ್ಲ. ಭಾಲ್ಕಿಗೆ ಹೋದಾಗಲೆಲ್ಲ ಆ ಓಣಿಯವರು ಚಹಾ ಬೇಕೇನವ್ವ ಎಂದು ಕೇಳುತ್ತಾರೆ. ಉಪವಾಸ ಅಂದುಬಿಡುತ್ತೇನೆ.

ಬಾಯಲ್ಲಿ ಬ್ರಶ್ಶಿದ್ದವರು

ಅಷ್ಟರಲ್ಲಿ ಕೊಳಾರದ ಕಾರ್ಖಾನೆ ನನ್ನ ಗಂಡನ ಪಾಳಿಯನ್ನೂ ನಿಲ್ಲಿಸಿತು. ಅವರು ಮೊದಲು ಕೆಲಸಕ್ಕೆ ಹೋಗುವಾಗ ಅರ್ಧ ನಿಮಿಷದಲ್ಲಿ ಹಲ್ಲುಜ್ಜಿ ಮುಗಿಸುವ ಜಾತಿ. ಕೆಲಸ ನಿಂತ ಮೇಲೆ ದಿನಾ ಬೆಳಿಗ್ಗೆ ಬ್ರಶ್ಶು ಬಾಯಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತರೆ ಬಿಸಿಲು ಮೇಲೆ ಬಂದರೂ ಒಳಗೆ ಬರುತ್ತಿರಲಿಲ್ಲ. ನನಗೆ ರೇಗಿತು. ಊರಿಗೆಲ್ಲ ಬ್ರಶ್ಶಿನ ಪಾಠ ಹೇಳುವವಳ ಗಂಡ ಹೀಗೆ ವಸಡು ಕಿತ್ತುಬರುವಂತೆ ಉಜ್ಜುತ್ತ ನಿಂತರೆ ಏನು ಶೋಭೆ?

"ಎರಡು ನಿಮಿಷಕ್ಕಿಂತ ಹೆಚ್ಚು ತಿಕ್ಕಬಾರದ್ರಿ. ವಸಡಿ ಸವೀತಾವ" ಎಂದೆ ಒಂದು ದಿನ.

ಅವರು ಬ್ರಶ್ಶು ತೆಗೆಯದೆ ಒಳಗೆ ಬಂದು, ಉಗುಳಿ, ಮೆಲ್ಲಗೆ ಹೇಳಿದರು. "ತಿಕ್ಕಂಗಿಲ್ಲ. ಸುಮ್ನ ಬಾಯಾಗ ಇಟ್ಕೋತೇನಿ. ಹಾದು ಹೋಗೋರು ಯಾವ ಪಾಳಿ, ಯಾಕ ಹೋಗಿಲ್ಲ ಅಂತ ಕೇಳ್ತಾರ. ಬಾಯಾಗ ಬ್ರಶ್ ಇದ್ದವನಿಗಿ ಯಾರೂ ಉತ್ತರಾ ಕೇಳಂಗಿಲ್ಲ."

ನಾನು ತಿಂಗಳುಗಟ್ಟಲೆ ಬ್ರಶ್ಶಿನ ಬಗ್ಗೆ ಊರೂರು ತಿರುಗಿ, ನನ್ನ ಮನೆಯ ಬ್ರಶ್ಶು ಯಾಕೆ ಹೊರಗೆ ನಿಂತಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಮರುದಿನದಿಂದ ನಾನೇ ಅವರ ಬ್ರಶ್ಶಿಗೆ ಪೇಸ್ಟು ಹಚ್ಚಿ ಕೈಗೆ ಕೊಡತೊಡಗಿದೆ. ಮೂರು ದಿನ ಕಳೆಯಿತು. ಎದುರು ಮನೆಯವನು, ಅದೇ ಕಾರ್ಖಾನೆಯವನು, ಅವನೂ ತನ್ನ ಬಾಗಿಲಲ್ಲಿ ಬ್ರಶ್ಶು ಕಚ್ಚಿಕೊಂಡು ನಿಂತ. ಆಮೇಲೆ ಪಕ್ಕದ ಮನೆಯವನು. ತಿಂಗಳಲ್ಲಿ ನಮ್ಮ ಓಣಿಯ ಏಳು ಬಾಗಿಲಲ್ಲಿ ಏಳು ಗಂಡಸರು, ಯಾರೂ ಯಾರನ್ನೂ ಏನೂ ಕೇಳುವಂತಿಲ್ಲ.

ಒಂದು ಬೆಳಿಗ್ಗೆ ಡಾಕ್ಟರು ಯಾವುದೋ ಫಾರಂ ಒಯ್ಯಲು ನಮ್ಮ ಓಣಿಗೆ ಬಂದರು. ಆ ಸಾಲನ್ನು ನೋಡಿ ಅವರ ಕಣ್ಣು ತುಂಬಿಬಂತು. "ನೋಡಮ್ಮ, ನಿನ್ನ ಪ್ರಚಾರ ಎಷ್ಟು ಫಲ ಕೊಟ್ಟಿದೆ!"

ಕೀಲಿ ಹಾಕಿದ ಮನೆ

ತೊಂಬತ್ತೊಂಬತ್ತು ಆಯಿತು. ಒಂದು ಉಳಿಯಿತು. ಔರಾದ್ ತಾಲೂಕಿನ ಚಿಂತಾಕಿಗೆ ಹೋದೆ. ಒಂದು ಓಣಿಯಲ್ಲಿ ಒಂದರ ಪಕ್ಕ ಒಂದು ಮನೆಗೆ ಕೀಲಿ. ಬಾಗಿಲು ತೆರೆದಿದ್ದ ಮನೆಗಳಲ್ಲಿ ಬೇವಿನ ಕಡ್ಡಿ, ಇಲ್ಲವೇ ಮಿಸ್ರಿ. ತಂಬಾಕನ್ನು ಹೆಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿ ಬೆರಳಿನಿಂದ ಹಲ್ಲಿಗೆ ಉಜ್ಜುತ್ತಾರಲ್ಲ, ಅದು. ನಮ್ಮ ಕಡೆಯ ಹೆಂಗಸರಿಗೆ ಮಿಸ್ರಿ ಬಿಡುವುದೆಂದರೆ ಗಂಡನನ್ನು ಬಿಟ್ಟಷ್ಟು ಕಷ್ಟ. ಬ್ರಶ್ಶು ಮಾತ್ರ ಎಲ್ಲೂ ಸಿಗಲಿಲ್ಲ. ಬಸ್ಸಿನ ಹೊತ್ತಾಗುತ್ತ ಬಂತು.

ಒಬ್ಬ ಮುದುಕಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. "ಬಾಜೂಕಿನ ಮನ್ಯಾಗ ಒಂದು ಅದ ನೋಡು. ಆಕಿ ಹೈದರಾಬಾದಿಗಿ ಹೋಗಿ ಎಂಟು ತಿಂಗಳಾತು. ಕೀಲಿ ನನ್ನ ಬಲ್ಲಿ ಅದ. ಆದ್ರ ದುಡ್ಯಾಕ ಹೋದವರ ಸಾಮಾನಿಗಿ ಕೈ ಹಚ್ಚಬಾರ್ದವ್ವ" ಎಂದಳು.

"ಕದೀಲತಿಲ್ಲ ಆಯಿ, ಹಳೇದು ಒಯ್ದು ಹೊಸಾದು ಇಡ್ತೇನಿ" ಎಂದು ಗೋಗರೆದೆ. ಮುದುಕಿ ಮನಸ್ಸಿಲ್ಲದೆ ಕೀಲಿ ತೆಗೆದಳು. ಮನೆಯೊಳಗೆ ಕತ್ತಲು, ಧೂಳು. ಕಿಟಕಿಯ ಗೂಡಿನಲ್ಲಿ ಒಂದು ಹಸಿರು ಬ್ರಶ್ಶು ಒಂಟಿಯಾಗಿ ನಿಂತಿತ್ತು. ಎಂಟು ತಿಂಗಳ ಬಿಸಿಗಾಳಿಗೆ ಮುಳ್ಳಿನಂತೆ ಒಣಗಿತ್ತು. ಅದನ್ನು ತೆಗೆದುಕೊಂಡು ಹೊಸದನ್ನು ಇಟ್ಟೆ. ಫಾರಂ ತುಂಬುವವರು ಯಾರು? ನಾನೇ ತುಂಬಿದೆ. ದಿನಕ್ಕೆ ಎರಡು ಸಲ. ಉಜ್ಜಿದ ಮೇಲೆ ತೊಳೆದು ಒಣಗಿಸುತ್ತಾರೆ. ಬೇರೆಯವರ ಬ್ರಶ್ಶಿನ ಜೊತೆ ಇಡುವುದಿಲ್ಲ. ಕೆಳಗೆ ಸಹಿಯ ಜಾಗದಲ್ಲಿ ಎಡಗೈಯಿಂದ ಏನೋ ಗೀಚಿದೆ.

"ಆಕಿ ಹೆಸರಿಂದು ನೀ ಬರೀಲತಿ ಏನು?" ಎಂದಳು ಮುದುಕಿ.

"ಆಕಿಗಿ ತ್ರಾಸ ಯಾಕ ಅಂತ ಆಯಿ."

"ಭಾಳ ಛಲೋ ಹೆಣ್ಮಗಳು ನೀ" ಎಂದಳು ಮುದುಕಿ. "ಹಂಗಾದ್ರ ಆಕಿ ಬದಲಿ ಹೈದರಾಬಾದಿಗೂ ನೀನೇ ಹೋಗಿ ಬಾ."

ಏನೂ ಬೆಳೆಯದ ತಟ್ಟೆ

ಲ್ಯಾಬಿನಲ್ಲಿ ಪ್ರತಿ ಬ್ರಶ್ಶಿನ ಕೂದಲನ್ನು ತೊಳೆದ ನೀರಿನ ಒಂದು ಹನಿಯನ್ನು ಗಾಜಿನ ತಟ್ಟೆಯ ಲೋಳೆಯ ಮೇಲೆ ಸವರಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತೇವೆ. ಎರಡು ದಿನದ ಮೇಲೆ ತೆಗೆದರೆ ತಟ್ಟೆಯ ತುಂಬ ಬಿಳಿ, ಹಳದಿ ಚುಕ್ಕೆಗಳು. ಒಂದೊಂದು ಚುಕ್ಕೆಯೂ ರೋಗಾಣುಗಳ ಒಂದು ಊರು. ತೊಂಬತ್ತೊಂಬತ್ತು ತಟ್ಟೆಗಳಲ್ಲಿ ಊರುಗಳೇ ಊರುಗಳು. ಚಿಂತಾಕಿಯ ತಟ್ಟೆಯಲ್ಲಿ ಒಂದು ಚುಕ್ಕೆಯೂ ಇಲ್ಲ.

ಡಾಕ್ಟರು ಆ ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಫಾರಂ ಓದಿದರು. "ಔರಾದ್ ತಾಲೂಕಿನ ಒಬ್ಬ ಹೆಣ್ಣುಮಗಳು! ದಿನಕ್ಕೆ ಎರಡು ಸಲ! ತೊಳೆದು, ಒಣಗಿಸಿ, ಪ್ರತ್ಯೇಕವಾಗಿ! ನಾವು ವೇದಿಕೆ ಮೇಲೆ ಈಕೆಗೆ ಸನ್ಮಾನ ಮಾಡಬೇಕು ಕಣಮ್ಮ. ಕರ್ಕೊಂಡು ಬಾ. ಸಮಾರಂಭ ಮುಗೀತಿದ್ದ ಹಾಗೆ ನಿನ್ನ ಫೈಲಿಗೆ ಸಹಿ."

ಸತ್ಯ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಬಾಯಿ ತೆರೆದೆ. ಓಣಿಯ ಬಾಗಿಲಲ್ಲಿ ನಿಂತ ಗಂಡನ ಮುಖ ಕಣ್ಣ ಮುಂದೆ ಬಂತು. "ಆಯ್ತು ಸರ್" ಎಂದು ಬಾಯಿ ಮುಚ್ಚಿದೆ. ನನ್ನ ಬದುಕಿನಲ್ಲಿ ನಾನು ಹೆಚ್ಚು ನಾಚಿಕೆಪಡುವ ಎರಡು ಶಬ್ದ ಅವೇ.

ನಗಬ್ಯಾಡ್ರಿ

ಮುದುಕಿಯಿಂದ ಫೋನ್ ನಂಬರು ಪಡೆದು ಹೈದರಾಬಾದಿಗೆ ಫೋನು ಮಾಡಿದೆ. ಆ ಹೆಣ್ಣುಮಗಳು ಅಲ್ಲಿ ದೊಡ್ಡ ಕಟ್ಟಡವೊಂದರಲ್ಲಿ ಇಟ್ಟಿಗೆ ಹೊರುತ್ತಿದ್ದಳು. ನನ್ನ ಕಥೆಯೆಲ್ಲ ಹೇಳಿದೆ, ಗಂಡನ ಕೆಲಸ ಹೋದದ್ದನ್ನೂ ಹೇಳಿದೆ, ಫೋನಿನಲ್ಲೇ ಅತ್ತೆ. ಆಕೆ "ಬರ್ತೇನಿ ತಗೊವ್ವ. ಅಳಬ್ಯಾಡ" ಎಂದಳು. ದುಡಿಮೆ ಬಿಟ್ಟು ಬರಬೇಕು, ಅದನ್ನವಳು ಎತ್ತಲೇ ಇಲ್ಲ.

ಸಮಾರಂಭದ ದಿನ ಬಸ್ಸಿಳಿದು ನೇರ ದವಾಖಾನೆಗೆ ಬಂದಳು. ಹಿಮ್ಮಡಿಯಲ್ಲಿ ಇನ್ನೂ ಸಿಮೆಂಟು ಹಿಡಿದಿತ್ತು. ಮೊದಲು ಕೇಳಿದ್ದೇ, "ನನ್ನ ಬ್ರಶ್ ಎಲ್ಲದ?"

"ಪರೀಕ್ಷಾ ಮಾಡಿದ ಮ್ಯಾಲ ಎಲ್ಲಾ ಸುಡ್ತೇವ್ರಿ, ರೋಗ ಹಬ್ಬಬಾರ್ದು ಅಂತ."

"ಅದು ಎಲ್ಲಾರ್ಕಿಂತ ಸ್ವಚ್ಛ ಇತ್ತು ಅಂದಿ?"

"ಹೌದ್ರಿ."

"ಸ್ವಚ್ಛ ಇದ್ದಿದ್ದೂ ಸುಟ್ರಿ?" ಎಂದು ಆಕೆ ನಕ್ಕಳು.

ಬಾಯ ತುಂಬ ಒಂದೊಂದು ಹಲ್ಲೂ ಹೆಂಚಿನ ತಳದ ಮಸಿಯಂತೆ ಕಪ್ಪು. ಮಿಸ್ರಿ! ಹೈದರಾಬಾದಿನ ಎಂಟು ತಿಂಗಳೂ ಬೆರಳು ಮತ್ತು ಮಿಸ್ರಿ. ನಾನು ಆಕೆಯನ್ನು ಕಾರಿಡಾರಿನ ಮೂಲೆಗೆ ಎಳೆದೊಯ್ದು ಕೈ ಹಿಡಿದುಕೊಂಡೆ. "ಅಕ್ಕಾ, ದಿನಾ ಎರಡು ಸಲ ತಿಕ್ತೇನಿ ಅನ್ರಿ. ತೊಳದು ಒಣಗಸ್ತೇನಿ ಅನ್ರಿ. ಬ್ಯಾರೆ ಇಡ್ತೇನಿ ಅನ್ರಿ. ಏನರ ಅನ್ರಿ, ನಗಬ್ಯಾಡ್ರಿ ಅಷ್ಟ."

"ಹೆದರಬ್ಯಾಡ, ನಾ ಏನ್ ನಗೋ ಪೈಕಿ ಅಲ್ಲ" ಎಂದಳು.

ವೇದಿಕೆಯ ಮೇಲೆ ಆಕೆಗೆ ಶಾಲು ಹೊದಿಸಿದರು. ಅತಿಥಿಯಾಗಿ ಬಂದವರು ಊರಿನ ಹಿರಿಯ ಬಟ್ಟೆ ವ್ಯಾಪಾರಿ, ನಮಗೆ ಹೊಸ ಬ್ರಶ್ಶುಗಳನ್ನು ಕೊಡಿಸಿದವರು. ಡಾಕ್ಟರು ಮೈಕು ಹಿಡಿದು ಒಂದೊಂದೇ ಪ್ರಶ್ನೆ ಕೇಳಿದರು. ಆಕೆ ತುಟಿ ಬಿಗಿದು, ನೆಲ ನೋಡುತ್ತ, ಕಾರಿಡಾರಿನ ಪಾಠ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಸಭೆ ಚಪ್ಪಾಳೆ ತಟ್ಟಿತು. ನಾನು ಗೋಡೆಗೆ ಒರಗಿ ಉಸಿರು ಬಿಟ್ಟೆ. ಆಗ ಆ ವ್ಯಾಪಾರಿ ಹಿಗ್ಗಿನಿಂದ ಎದ್ದರು. "ನಮ್ಮ ಮನ್ಯಾಗ ಹನ್ನೊಂದು ಮಂದಿ, ಹನ್ನೊಂದು ಬ್ರಶ್. ನನ್ನ ಬ್ರಶ್ ಯಾವುದು ಅಂತ ನನಗ ಇನ್ನೂ ಗೊತ್ತಾಗಿಲ್ಲವ್ವ. ಯಾವುದು ಹಸಿ ಇಲ್ಲ ಅದ ನಂದು ಅಂತ ತಗೋತೇನಿ!"

ಆಕೆಗೆ ತಡೆಯಲಾಗಲಿಲ್ಲ. ಗೊಳ್ಳೆಂದು ನಕ್ಕಳು. ಮೈಕಿನ ಮುಂದೆ, ಬಲ್ಬಿನ ಬೆಳಕಿನಲ್ಲಿ, ಮೂವತ್ತೆರಡೂ ಕಾಣುವಂತೆ.

ಇಡೀ ಸಭೆ ನಗೆಯಲ್ಲಿ ಸಿಡಿಯಿತು. ಹಿಂದಿನ ಸಾಲಿನಿಂದ ಯಾರೋ ಸೀಟಿ ಹಾಕಿದರು. ಡಾಕ್ಟರ ಮುಖ ಕೆಂಪಾಯಿತು. "ಇದೇನಮ್ಮ ಇದು? ದಿನಾ ಎರಡು ಸಲ ಉಜ್ತೀನಿ ಅಂದ್ರಿ!"

ಆಕೆ ನನ್ನ ಕಡೆ ನೋಡಿದಳು. ಆಮೇಲೆ ಸೊಂಟದಿಂದ ಮಿಸ್ರಿ ಡಬ್ಬಿ ತೆಗೆದಳು. "ಎರಡು ಸಲ ತಿಕ್ತೇನ್ರಿ ಸಾಹೇಬ್ರ. ಬೆರಳಿಲೆ, ಇದು ಹಚ್ಚಿ."

"ಮತ್ತೆ ಬ್ರಶ್?"

"ಬ್ರಶ್ ಸ್ವಚ್ಛ ಇಡಬೇಕು ಅಂತೀರಲ್ರಿ. ಹಲ್ಲಿಗಿ ಹಚ್ಚಿದ್ರ ಹೊಲಸ ಆಗಂಗಿಲ್ಲೇನ್ರಿ?"

ಸಭೆಯಲ್ಲಿ ಜನ ಕುರ್ಚಿಯಿಂದ ಜಾರಿದರು. ಆ ಗದ್ದಲದಲ್ಲಿ ವ್ಯಾಪಾರಿಯ ಬೆರಳು ತಾನಾಗಿಯೇ ಡಬ್ಬಿಯ ಕಡೆ ಹೋಗಿ ಒಂದು ಚಿಟಿಕೆ ತೆಗೆದುಕೊಂಡಿತು. ಡಾಕ್ಟರು ಮಾತ್ರ ನಗಲಿಲ್ಲ. "ಇಷ್ಟು ಜನರ ಮುಂದೆ ಸುಳ್ಳು ಹೇಳೋಕೆ ನಾಚಿಕೆ ಆಗಲ್ವೇನಮ್ಮ?" ಎಂದು ಆಕೆಯನ್ನು ಕೇಳಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನ ಮಾನ ಉಳಿಸಲು ದುಡಿಮೆ ಬಿಟ್ಟು ಬಂದವಳು, ನನಗೆ ಬರಬೇಕಾದ ಮಾತನ್ನು ತಾನು ಕೇಳಿಕೊಂಡು, ಕಪ್ಪು ಹಲ್ಲು ಮುಚ್ಚಿಕೊಂಡು ನಿಂತಿದ್ದಳು. ಅದನ್ನು ನೋಡಿ ನಿಲ್ಲಲು ನನ್ನಿಂದ ಆಗಲಿಲ್ಲ.

ವೇದಿಕೆ ಹತ್ತಿದೆ. "ಸರ್, ನಾಚಿಕೆ ನನಗಾಗಬೇಕು. ಆ ಮನೆಗೆ ಕೀಲಿ ಹಾಕಿತ್ತು. ಇವರು ಎಂಟು ತಿಂಗಳಿಂದ ಹೈದರಾಬಾದಿನಲ್ಲಿದ್ದಾರೆ. ಫಾರಂ ತುಂಬಿದವಳು ನಾನು, ಸಹಿ ಗೀಚಿದವಳೂ ನಾನು" ಎಂದೆ. ನನ್ನ ಧ್ವನಿ ಮೈಕಿನಲ್ಲಿ ನನಗೇ ಕೇಳಿ ಇನ್ನಷ್ಟು ನಾಚಿಕೆಯಾಯಿತು.

ಡಾಕ್ಟರು ನನ್ನ ಕಡೆ ನೋಡದೆ, "ನಾಳೆಯಿಂದ ಬರಬೇಡ" ಎಂದರು. ಮೆಲ್ಲಗೆ ಹೇಳಿದರೂ ಮೈಕು ಅದನ್ನು ಹಿಂದಿನ ಸಾಲಿನವರೆಗೂ ಮುಟ್ಟಿಸಿತು. ನಗು ನಿಂತಿತು.

ನನ್ನ ಕೆಲಸ ಕಡೆಗೂ ಉಳಿಯಿತು. ಡಾಕ್ಟರು ವಾರ ಬಿಟ್ಟು ಸಹಿ ಹಾಕಿದರು, ಚಿಂತಾಕಿಯ ತಟ್ಟೆಯನ್ನು ಲೆಕ್ಕದಿಂದ ತೆಗೆದರು. ಕೆಲಸ ಉಳಿದದ್ದು ನಾನು ಸತ್ಯ ಹೇಳಿದ್ದಕ್ಕಲ್ಲ. ಆಗ ವೇದಿಕೆಯ ಮೇಲೆ ಆಕೆ ಸೆರಗು ಬಾಯಿಂದ ತೆಗೆದು, ಡಾಕ್ಟರ ಕೈಯಲ್ಲಿದ್ದ ಮೈಕಿಗೇ ಬಾಗಿ ಹೇಳಿದ ಮಾತಿಗೆ.

"ಸಾಹೇಬ್ರ, ಹಂಗ ಮಾಡಬ್ಯಾಡ್ರಿ. ನೀವು ತಗದ್ರ ಇಕಿ ಎಲ್ಲಿಗಿ ಬರ್ತಾಳ? ನಮ್ಮ ಬಲ್ಲೇ, ಹೈದರಾಬಾದಿಗಿ. ಇಕಿ ಕೈ ನೋಡ್ರಿ ಒಂದು ಸಲ. ಇಂಥಾ ಕೈಲೆ ಇಟ್ಟಂಗಿ ಎತ್ತಾಕ ಆಗ್ತದೇನ್ರಿ? ಇಕಿ ಪಾಲಿಂದೂ ನಾನೇ ಹೊರಬೇಕಾಗ್ತದ. ಅದಕ್ಕ ನಾ ಸುಳ್ಳ ಹೇಳ್ದೆ. ಇಟ್ಟಂಗಿಗಿಂತ ಹಗರ ಇತ್ರಿ ಅದು."

ಇಡೀ ಸಭೆ ನನ್ನ ಕೈ ನೋಡಿ ನಕ್ಕಿತು. ಡಾಕ್ಟರೂ ನಕ್ಕರು. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತೆ.